ರೇಡಿಯೇಶನ್ ಆದ ಎದೆಗೆ ಹೊಟ್ಟೆಯ ಅಂಗಾಂಶ: ಒಂದು ಸ್ತನ ಪುನರ್ನಿರ್ಮಾಣದ ಪ್ರಕರಣ

ಈ ಪ್ರಕರಣವನ್ನು ಯಾರೊಬ್ಬರ ಕಡತದಿಂದಲೂ ಎತ್ತಿಕೊಂಡಿಲ್ಲ. ಇದೇ ಬಗೆಯ ಚಿಕಿತ್ಸೆ ಪಡೆಯುವ ಮಹಿಳೆಯರಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಟ್ಟುಗೂಡಿಸಿ ಒಬ್ಬ ರೋಗಿಯಾಗಿ ಬರೆದಿದೆ. ಅಳತೆ, ಅವಧಿ, ಔಷಧದ ಪ್ರಮಾಣಗಳು ಇಂಥ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಕಾಣುವಂಥವು.

ವಯಸ್ಸು 46. ತಾಲ್ಲೂಕು ಪಟ್ಟಣವೊಂದರಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವರು. ಎಡಸ್ತನದಲ್ಲಿ 4 ಸೆಂ.ಮೀ. ಗಡ್ಡೆ ಇತ್ತು, ಕಂಕುಳಿನ ಗ್ರಂಥಿಗಳಿಗೂ ಹರಡಿತ್ತು. ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್, ಅಂದರೆ ಹಾರ್ಮೋನಿಗೆ ಸ್ಪಂದಿಸಿ ಬೆಳೆಯುವ ಗಡ್ಡೆ; ಹರ್-2 ಎಂಬ ಪ್ರೋಟೀನಿನ ಪರೀಕ್ಷೆ ನೆಗೆಟಿವ್. ಮೊದಲು ಕೀಮೋ ಕೊಟ್ಟರು. ನಂತರ ಕಂಕುಳಿನ ಗ್ರಂಥಿಗಳ ಸಮೇತ ಇಡೀ ಸ್ತನ ತೆಗೆದರು. ಅದಾದ ಮೇಲೆ ಮೂರು ವಾರಗಳಲ್ಲಿ 15 ಸಲ, ಒಟ್ಟು 40 ಗ್ರೇ (ವಿಕಿರಣದ ಅಳತೆ) ರೇಡಿಯೇಶನ್. ಈಗ ದಿನಕ್ಕೆ 20 ಮಿ.ಗ್ರಾಂ. ಟ್ಯಾಮೊಕ್ಸಿಫೆನ್ ನಡೆಯುತ್ತಿದೆ, ಹಾರ್ಮೋನಿನ ಪರಿಣಾಮ ತಡೆಯುವ ಮಾತ್ರೆ ಅದು. ರೇಡಿಯೇಶನ್ ಮುಗಿದು 14 ತಿಂಗಳಾಗಿದೆ, ಕ್ಯಾನ್ಸರ್ ಮರುಕಳಿಸಿದ ಸುಳಿವಿಲ್ಲ.

ಅವರ ದೂರು ಬಹಳ ಸರಳ. ಬ್ಲೌಸಿನೊಳಗೆ ತಾವೇ ಹೊಲಿದ ಹತ್ತಿಯ ಪ್ಯಾಡ್ ಇಟ್ಟುಕೊಳ್ಳುತ್ತಿದ್ದರು. ಹತ್ತಿಗೆ ತೂಕವಿಲ್ಲ, ಕೈ ಎತ್ತಿದರೆ ಭುಜದ ಕಡೆಗೆ ಜಾರುತ್ತಿತ್ತು. ತೂಕಕ್ಕೆಂದು ಒಂದು ಹಿಡಿ ಸಾಸಿವೆ ತುಂಬಿದರು, ಬೆವರಿಗೆ ಅದು ವಾಸನೆ ಬಂತು. ಅಂಗಡಿಯಿಂದ ತಂದ ಸಿಲಿಕೋನ್ ಪ್ಯಾಡ್ ಬೇಸಿಗೆಯಲ್ಲಿ ಎದೆಯ ಚರ್ಮವನ್ನು ಬೇಯಿಸಿದಂತೆ ಮಾಡಿತು. ರೇಡಿಯೇಶನ್ ಆದ ಚರ್ಮ ಮೊದಲೇ ತೆಳು, ಗಾಯದ ಗೆರೆ ಪಕ್ಕೆಲುಬಿಗೆ ಅಂಟಿಕೊಂಡಿತ್ತು. ಬಲಸ್ತನದ ಭಾರಕ್ಕೆ ಬೆನ್ನು ಒಂದು ಕಡೆ ವಾಲಿ, ಹೊಲಿಗೆ ಯಂತ್ರದ ಮುಂದೆ ಎರಡು ಗಂಟೆ ಕೂತರೆ ಕುತ್ತಿಗೆ ಹಿಡಿಯುತ್ತಿತ್ತು. ಇದನ್ನೆಲ್ಲ ಕೇಳಿದವರು "ಈ ವಯಸ್ಸಿಗೆ ಯಾಕಮ್ಮ ಇದೆಲ್ಲ, ಜೀವ ಉಳೀತಲ್ಲ" ಎನ್ನುತ್ತಿದ್ದರಂತೆ. ಆ ಮಾತು ಆಡುವವರಿಗೆ ಸುಲಭ, ಕೇಳುವವರಿಗೆ ಕಷ್ಟ. ಪುನರ್ನಿರ್ಮಾಣ ಬೇಡ ಎನ್ನುವುದು ಪೂರ್ಣ ಗೌರವಕ್ಕೆ ಅರ್ಹವಾದ ತೀರ್ಮಾನ, ಬೇಕು ಎನ್ನುವುದೂ ಹಾಗೆಯೇ. ಈ ಮಹಿಳೆಯ ವಿಷಯದಲ್ಲಿ ಬೇಸರವೆಂದರೆ, ಹೀಗೊಂದು ದಾರಿ ಇದೆ ಎಂದು ಸ್ತನ ತೆಗೆಯುವ ಮೊದಲು ಯಾರೂ ಅವರಿಗೆ ಹೇಳಿರಲಿಲ್ಲ. ರೇಡಿಯೇಶನ್ ಬೇಕಾಗುವ ರೋಗಿಗೆ ಪುನರ್ನಿರ್ಮಾಣ ತಡವಾಗಿಯೇ ಆಗಬಹುದು, ಆದರೆ ಮಾತು ತಡವಾಗಬೇಕಿಲ್ಲ.

ಯಾವ ವಿಧಾನ, ಯಾಕೆ

ಇಂಪ್ಲಾಂಟ್ ಹಾಕುವುದು ಎಲ್ಲಕ್ಕಿಂತ ಚಿಕ್ಕ ಶಸ್ತ್ರಚಿಕಿತ್ಸೆ. ಸ್ನಾಯುವಿನಡಿ ಅಥವಾ ಚರ್ಮದಡಿ ಎಕ್ಸ್‌ಪಾಂಡರ್ ಎಂಬ ಚೀಲ ಇಟ್ಟು, ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಸಲೈನ್ ತುಂಬಿ ಚರ್ಮ ಹಿಗ್ಗಿಸಿ, ಕೊನೆಗೆ ಸಿಲಿಕೋನ್ ಇಂಪ್ಲಾಂಟಿಗೆ ಬದಲಾಯಿಸುತ್ತಾರೆ. ರೇಡಿಯೇಶನ್ ಆದ ಚರ್ಮ ಮಾತ್ರ ಹಾಗೆ ಹಿಗ್ಗುವುದಿಲ್ಲ. ಅದರ ಸಣ್ಣ ರಕ್ತನಾಳಗಳು ಮುಚ್ಚಿಹೋಗಿರುತ್ತವೆ, ಚರ್ಮದಡಿಯ ಕೊಬ್ಬು ನಾರಾಗಿರುತ್ತದೆ. ಹಿಗ್ಗಿಸಲು ಹೋದರೆ ಚರ್ಮ ತೆಳುವಾಗಿ ಒಡೆದು ಇಂಪ್ಲಾಂಟ್ ಹೊರಗೆ ಕಾಣಬಹುದು, ಸೋಂಕು ತಗಲಬಹುದು, ಸುತ್ತಲಿನ ಪೊರೆ ಬಿಗಿದು ಸ್ತನ ಕಲ್ಲಿನಂತಾಗಿ ಮೇಲಕ್ಕೆ ಸರಿಯಬಹುದು. ಇವೆಲ್ಲ ರೇಡಿಯೇಶನ್ ಆಗದ ಎದೆಯಲ್ಲೂ ಆಗುತ್ತವೆ, ಆದ ಎದೆಯಲ್ಲಿ ಬಹಳ ಹೆಚ್ಚು. ಜೊತೆಗೆ ಇಂಪ್ಲಾಂಟ್ ಆಯುಷ್ಯಪೂರ್ತಿ ಬಾಳುವ ವಸ್ತುವಲ್ಲ. ಒರಟು ಮೇಲ್ಮೈಯ ಇಂಪ್ಲಾಂಟುಗಳಿಗೂ ಲಿಂಫೋಮಾ ಎಂಬ ಬಗೆಯ ಅಪರೂಪದ ಒಂದು ಕ್ಯಾನ್ಸರಿಗೂ ನಂಟು ಕಂಡುಬಂದು, 2019ರಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಈಗ ನಯವಾದ ಮೇಲ್ಮೈಯವು ಸಿಗುತ್ತವೆ, ಆದರೂ ಕೇಳಿ ತಿಳಿಯಬೇಕಾದ ವಿಷಯ ಇದು.

ಬೆನ್ನಿನ ಲ್ಯಾಟಿಸಿಮಸ್ ಸ್ನಾಯುವನ್ನು ಅದರ ಚರ್ಮದ ಸಮೇತ ಮುಂದಕ್ಕೆ ತಿರುಗಿಸುವುದು ಇನ್ನೊಂದು ದಾರಿ. ನಂಬಿಕಸ್ಥ ವಿಧಾನ, ರಕ್ತನಾಳ ಕತ್ತರಿಸಿ ಜೋಡಿಸುವ ಕೆಲಸವಿಲ್ಲದ್ದರಿಂದ ಸೂಕ್ಷ್ಮದರ್ಶಕ ಬೇಡ. ಆದರೆ ಇವರ ಬಲಸ್ತನದ ಗಾತ್ರಕ್ಕೆ ಅದೊಂದೇ ಸಾಲದು, ಅಡಿಯಲ್ಲಿ ಇಂಪ್ಲಾಂಟ್ ಬೇಕಾಗುತ್ತಿತ್ತು.

ಉಳಿದದ್ದು ಹೊಟ್ಟೆ. ರಕ್ತನಾಳದ ಸಮೇತ ಬೇರೆಡೆಗೆ ಸಾಗಿಸುವ ಅಂಗಾಂಶದ ತುಂಡಿಗೆ ಫ್ಲಾಪ್ ಎನ್ನುತ್ತಾರೆ. 1982ರಲ್ಲಿ ಅಮೆರಿಕದ ಸರ್ಜನ್ ಹಾರ್ಟ್ರಾಂಪ್ ವಿವರಿಸಿದ ಟ್ರಾಮ್ ಫ್ಲಾಪಿನಲ್ಲಿ ಹೊಕ್ಕುಳ ಕೆಳಗಿನ ಚರ್ಮ ಮತ್ತು ಕೊಬ್ಬಿನ ಜೊತೆ ಹೊಟ್ಟೆಯ ನೇರ ಸ್ನಾಯುವನ್ನೂ ಮೇಲಕ್ಕೆ ತರುತ್ತಾರೆ. ಹಾಗೆ ಮಾಡಿದರೆ ಹೊಟ್ಟೆಯ ಗೋಡೆ ಸಡಿಲವಾಗಿ ಉಬ್ಬುವ ಭಯ. 1989ರಲ್ಲಿ ಜಪಾನಿನ ಕೊಶಿಮಾ ಮತ್ತು ಸೊಯೆಡಾ ಆ ಸ್ನಾಯುವನ್ನು ಅಲ್ಲೇ ಬಿಟ್ಟು, ಅದನ್ನು ತೂರಿ ಚರ್ಮಕ್ಕೆ ಬರುವ ಕಿರುನಾಳಗಳನ್ನಷ್ಟೇ ಬಿಡಿಸಿಕೊಳ್ಳಬಹುದೆಂದು ತೋರಿಸಿದರು. ಅದನ್ನು ಸ್ತನಕ್ಕೆ ಬಳಸಿದ ಅನುಭವವನ್ನು 1994ರಲ್ಲಿ ಅಲೆನ್ ಮತ್ತು ಟ್ರೀಸ್ ಪ್ರಕಟಿಸಿದರು. ಅದೇ ಡೀಪ್ (DIEP) ಫ್ಲಾಪ್. ಹೊಟ್ಟೆಯಲ್ಲಿ ಕತ್ತರಿಸಿದ ನಾಳಗಳನ್ನು ಸೂಕ್ಷ್ಮದರ್ಶಕದಡಿ ಎದೆಯ ನಾಳಗಳಿಗೆ ಜೋಡಿಸುತ್ತಾರೆ. ಇವರಿಗೆ ಆರಿಸಿದ್ದು ಇದನ್ನೇ.

ಮೊದಲ ಮೂರು ತಿಂಗಳು

ಎತ್ತರ 155 ಸೆಂ.ಮೀ., ತೂಕ 68 ಕೆ.ಜಿ. ಎರಡು ಹೆರಿಗೆಯಾದ ಹೊಟ್ಟೆ, ಬೇಕಾದಷ್ಟು ಸಡಿಲ. ಹಳೆಯ ಗಾಯಗಳ ಬಗ್ಗೆ ಕೇಳಿದಾಗ "ಒಂದು ಸಿಸೇರಿಯನ್, ಆಮೇಲೆ ಆಪರೇಷನ್" ಎಂದರು. ನಮ್ಮ ಕಡೆ ಬರೀ "ಆಪರೇಷನ್" ಎಂದರೆ ಮಕ್ಕಳಾಗದಂತೆ ಮಾಡಿಸಿಕೊಂಡದ್ದು ಎಂದೇ ಅರ್ಥ, ಕಡತದಲ್ಲಿ ಅದು ಬಿಟ್ಟುಹೋಗುವುದೇ ಹೆಚ್ಚು. ಎರಡೂ ಒಂದೇ ಅಡ್ಡ ಗೆರೆಯಲ್ಲಿ, ಬಿಕಿನಿ ಸಾಲಿನಲ್ಲಿ ಆಗಿದ್ದವು, ತೊಂದರೆಯಿಲ್ಲ. ಹೊಕ್ಕುಳಿಂದ ಕೆಳಕ್ಕೆ ನೆಟ್ಟಗೆ ಇಳಿದ ಗಾಯವಿದ್ದಿದ್ದರೆ ಲೆಕ್ಕವೇ ಬೇರೆ. ಒಂದು ಪಕ್ಕದ ನಾಳದಿಂದ ನಡುಗೆರೆ ದಾಟಿ ಇನ್ನೊಂದು ಪಕ್ಕಕ್ಕೆ ಹೋಗುವ ರಕ್ತವನ್ನು ಆ ಗಾಯ ತಡೆಯುತ್ತದೆ, ಅರ್ಧ ಹೊಟ್ಟೆಯಷ್ಟೇ ಬಳಕೆಗೆ ಸಿಗುತ್ತದೆ.

ಸಕ್ಕರೆ ಕಾಯಿಲೆ ಇತ್ತು, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) 8.1. ಹಿಮೋಗ್ಲೋಬಿನ್ 10.4. ಇವೆರಡನ್ನೂ ಸರಿಪಡಿಸದೆ ದಿನಾಂಕ ಕೊಡಲಿಲ್ಲ. ಮೂರು ತಿಂಗಳ ನಂತರ 6.9 ಮತ್ತು 11.8ಕ್ಕೆ ಬಂದವು.

ತಂಬಾಕಿನ ಪ್ರಶ್ನೆಯಲ್ಲಿ ಒಂದು ಎಚ್ಚರ ಬೇಕು. "ಸ್ಮೋಕ್ ಮಾಡ್ತೀರಾ?" ಎಂದು ಕೇಳಿದ್ದಕ್ಕೆ "ಅಯ್ಯೋ ಇಲ್ಲ" ಎಂದಿದ್ದರು, ಕಡತದಲ್ಲಿ ಹಾಗೆಯೇ ದಾಖಲಾಗಿತ್ತು. ಅರಿವಳಿಕೆಯ ವೈದ್ಯೆ "ಎಲೆ ಅಡಿಕೆ ಹಾಕ್ತೀರೇನಮ್ಮ? ಜೊತೆಗೆ ಹೊಗೆಸೊಪ್ಪು?" ಎಂದಾಗ "ಊಟ ಆದ್ಮೇಲೆ ಒಂದು ಚೂರು, ಡಾಕ್ಟ್ರೇ" ಎಂಬ ಉತ್ತರ ಬಂತು. ಬಾಯಲ್ಲಿಟ್ಟರೂ ನಿಕೋಟಿನ್ ನಿಕೋಟಿನ್ನೇ. ಅದು ಚರ್ಮದ ಕಿರುನಾಳಗಳನ್ನು ಹಿಂಡುತ್ತದೆ, ಹೊಟ್ಟೆಯ ಗಾಯದ ಅಂಚು ಕಪ್ಪಾಗಲು ದಾರಿಯಾಗುತ್ತದೆ. ಕನಿಷ್ಠ ನಾಲ್ಕು ವಾರ ಪೂರ್ತಿ ಬಿಡಬೇಕು. ಎಲೆ, ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ ಎಂದು ಹೆಸರು ಹಿಡಿದು ಕೇಳದಿದ್ದರೆ ನಿಜ ಹೊರಬರುವುದಿಲ್ಲ.

ಟ್ಯಾಮೊಕ್ಸಿಫೆನ್ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ಹೆಚ್ಚಿಸುವ ಮಾತ್ರೆ. ಶಸ್ತ್ರಚಿಕಿತ್ಸೆಗೆ ಎರಡರಿಂದ ನಾಲ್ಕು ವಾರ ಮೊದಲು ನಿಲ್ಲಿಸುವುದು ಹಲವು ತಂಡಗಳ ರೂಢಿ. ಇಲ್ಲಿ ಆಂಕಾಲಜಿಸ್ಟ್ (ಕ್ಯಾನ್ಸರ್ ತಜ್ಞ) ಒಪ್ಪಿಗೆ ಪಡೆದು ಮೂರು ವಾರ ಮೊದಲು ನಿಲ್ಲಿಸಿದರು. ರೋಗಿ ತಾನಾಗಿಯೇ ನಿಲ್ಲಿಸಬಾರದು, ಮತ್ತೆ ಶುರು ಮಾಡುವ ದಿನವನ್ನೂ ಮೊದಲೇ ಬರೆಸಿಕೊಳ್ಳಬೇಕು.

ರಕ್ತನಾಳಗಳನ್ನು ತೋರಿಸುವ ಹೊಟ್ಟೆಯ ಸಿಟಿ ಆಂಜಿಯೋಗ್ರಾಮಿನಲ್ಲಿ ಹೊಕ್ಕುಳ ಬಲಕ್ಕೆ 2 ಸೆಂ.ಮೀ., ಕೆಳಕ್ಕೆ 1 ಸೆಂ.ಮೀ. ದೂರದಲ್ಲಿ ಒಂದು ದಪ್ಪ ಪರ್ಫೊರೇಟರ್ (ಸ್ನಾಯು ತೂರಿ ಚರ್ಮಕ್ಕೆ ಬರುವ ಕಿರುನಾಳ) ಕಂಡಿತು, ಸ್ನಾಯು ದಾಟುವಲ್ಲಿ ಸುಮಾರು 2 ಮಿ.ಮೀ. ಆ ಚಿತ್ರವಿದ್ದರೆ ಓಟಿಯಲ್ಲಿ ಹುಡುಕುವ ಸಮಯ ಉಳಿಯುತ್ತದೆ.

ಶಸ್ತ್ರಚಿಕಿತ್ಸೆಯ ದಿನ

ಗುರುತು ಹಾಕುವುದು ರೋಗಿ ನಿಂತಿರುವಾಗ. ಮಲಗಿದರೆ ಸ್ತನವೂ ಹೊಟ್ಟೆಯೂ ಪಕ್ಕಕ್ಕೆ ಹರಿದು ಅಳತೆ ತಪ್ಪುತ್ತದೆ. ಬಲಸ್ತನದ ಕೆಳಮಡಿಕೆಯ ಮಟ್ಟ, ನಡುಗೆರೆ, ಹೊಟ್ಟೆಯ ಮೇಲೆ 36 ಸೆಂ.ಮೀ. ಉದ್ದ, 13 ಸೆಂ.ಮೀ. ಅಗಲದ ದೋಣಿಯಾಕಾರ. ಚರ್ಮವನ್ನು ಎರಡು ಬೆರಳಲ್ಲಿ ಮಡಚಿ, ಇಷ್ಟು ತೆಗೆದರೆ ಮುಚ್ಚಲು ಬರುತ್ತದೆಯೇ ಎಂದು ನೋಡಿಯೇ ಗೆರೆ ಎಳೆಯುತ್ತಾರೆ.

ಎರಡು ತಂಡಗಳು ಒಟ್ಟಿಗೇ ಕೆಲಸ ಮಾಡಿದವು. ಎದೆಯ ತಂಡ ಹಳೆಯ ಗಾಯವನ್ನು ಕತ್ತರಿಸಿ ತೆಗೆದು, ಬಿಗಿದ ಚರ್ಮವನ್ನು ಬಿಡಿಸಿ, ಮೂರನೆಯ ಪಕ್ಕೆಲುಬಿನ ಮೃದ್ವಸ್ಥಿಯ ಒಂದು ತುಂಡು ತೆಗೆದು ಎದೆಮೂಳೆಯ ಪಕ್ಕದ ಇಂಟರ್ನಲ್ ಮ್ಯಾಮರಿ ನಾಳಗಳನ್ನು ತಲುಪಿತು. ಅದರಡಿಯಲ್ಲೇ ಶ್ವಾಸಕೋಶದ ಪೊರೆ, ಕೈ ಹಗುರವಾಗಿರಬೇಕು. ಎಡಗಡೆಯ ಸಿರೆ ಸಾಮಾನ್ಯವಾಗಿ ಬಲಗಡೆಗಿಂತ ಸಣ್ಣದು, ಇಲ್ಲಿ 2.3 ಮಿ.ಮೀ. ಇತ್ತು.

ಹೊಟ್ಟೆಯ ತಂಡ ಮೊದಲು ಮಾಡಿದ ಕೆಲಸ ಚರ್ಮದಡಿಯ ಮೇಲ್ಪದರದ ಸಿರೆಯನ್ನು 6 ಸೆಂ.ಮೀ. ಉದ್ದಕ್ಕೆ ಬಿಡಿಸಿ, ಕ್ಲಿಪ್ ಹಾಕಿ ಜೋಪಾನ ಮಾಡಿದ್ದು. ಎರಡೇ ನಿಮಿಷದ ಕೆಲಸ, ಬಹಳ ಸಲ ಬೇಕೇ ಆಗುವುದಿಲ್ಲ. ಆ ರಾತ್ರಿ ಅದೇ ಬೇಕಾಯಿತು. ನಂತರ ಪರ್ಫೊರೇಟರನ್ನು ಸ್ನಾಯುವಿನ ಎಳೆಗಳ ನಡುವೆ ಹಿಂಬಾಲಿಸಿ, ಸ್ನಾಯುವಿನ ನರಗಳನ್ನು ಉಳಿಸಿ, 11 ಸೆಂ.ಮೀ. ಉದ್ದದ ನಾಳವನ್ನು ಬೇರುಮಟ್ಟದವರೆಗೆ ಬಿಡಿಸಿದರು. ನಾಳದಿಂದ ಅತಿ ದೂರವಿರುವ, ನಡುಗೆರೆಯಾಚೆಯ ತುದಿಗೆ ರಕ್ತ ಸಾಲುವುದಿಲ್ಲ. ಆಸೆಪಟ್ಟು ಇಟ್ಟುಕೊಂಡರೆ ಅದೇ ಮುಂದೆ ಗಟ್ಟಿ ಗಂಟಾಗುತ್ತದೆ. 650 ಗ್ರಾಂ ತೂಗಿದ ಫ್ಲಾಪಿನಿಂದ ಆ ಭಾಗ ತೆಗೆದು 540 ಗ್ರಾಂ ಉಳಿಸಿಕೊಂಡರು.

ಸೂಕ್ಷ್ಮದರ್ಶಕದಡಿ ಸಿರೆಯನ್ನು ತುದಿಗಳನ್ನು ಕೂಡಿಸುವ 2.5 ಮಿ.ಮೀ. ಕಪ್ಲರ್ ಉಂಗುರದಿಂದ, ಧಮನಿಯನ್ನು ಕೂದಲಿಗಿಂತ ತೆಳುವಾದ 9-0 ನೈಲಾನ್ ದಾರದಿಂದ ಜೋಡಿಸಿದರು. ರಕ್ತವಿಲ್ಲದೆ ಫ್ಲಾಪ್ ಕಳೆದದ್ದು 58 ನಿಮಿಷ. ಹೊಟ್ಟೆಯ ಸ್ನಾಯುಪೊರೆಯನ್ನು ಗಟ್ಟಿ ಹೊಲಿದು, ಹಾಸಿಗೆಯನ್ನು ಸೊಂಟದಲ್ಲಿ ಮಡಚಿ ಚರ್ಮ ಮುಚ್ಚಿ, ಹೊಕ್ಕುಳಿಗೆ ಹೊಸ ಕಿಂಡಿ ಮಾಡಿದರು. ಒಳಗೆ ಸೋರುವ ರಕ್ತ, ದ್ರವ ಹೊರಬರಲು ಎದೆಗೊಂದು, ಹೊಟ್ಟೆಗೆರಡು ಡ್ರೈನ್ ನಳಿಕೆ. ಬೆಳಿಗ್ಗೆ 8ಕ್ಕೆ ಶುರುವಾದದ್ದು ಸಂಜೆ 4:30ಕ್ಕೆ ಮುಗಿಯಿತು.

ರಾತ್ರಿ ಒಂದೂವರೆ

ಮೊದಲ 24 ಗಂಟೆ ಪ್ರತಿ ಗಂಟೆಗೊಮ್ಮೆ ಫ್ಲಾಪ್ ನೋಡಬೇಕು. ಬಣ್ಣ, ಬಿಸಿ, ಬಿಗಿತ, ಬೆರಳಿಂದ ಒತ್ತಿ ಬಿಟ್ಟರೆ ರಕ್ತ ಮರಳಲು ಹಿಡಿಯುವ ಸಮಯ, ಗುರುತಿನ ಹೊಲಿಗೆ ಹಾಕಿದ ಜಾಗದಲ್ಲಿ ಡಾಪ್ಲರ್ ಸದ್ದು, ಅಂದರೆ ನಾಳದಲ್ಲಿ ರಕ್ತ ಹರಿಯುವುದನ್ನು ಕೇಳಿಸುವ ಉಪಕರಣದ ಸದ್ದು. ರಕ್ತ ಬರುವುದು ನಿಂತರೆ ಫ್ಲಾಪ್ ಬಿಳಿಚಿ, ತಣ್ಣಗಾಗಿ, ಮೆತ್ತಗಾಗುತ್ತದೆ. ರಕ್ತ ಹೊರಹೋಗುವುದು ನಿಂತರೆ ನೀಲಿಗಟ್ಟಿ, ಊದಿ, ಬಿಗಿಯುತ್ತದೆ, ಒತ್ತಿ ಬಿಟ್ಟರೆ ರಕ್ತ ತೀರ ಬೇಗ ಮರಳುತ್ತದೆ. ಎರಡನೆಯದೇ ಹೆಚ್ಚು. ಪುಸ್ತಕದ ಚಿತ್ರಗಳಲ್ಲಿ ಕಾಣುವ ನೇರಳೆ ಬಣ್ಣ ಬಿಳಿ ಚರ್ಮದ್ದು. ನಮ್ಮವರ ಗೋಧಿ ಬಣ್ಣದ, ಕಪ್ಪು ಬಣ್ಣದ ಹೊಟ್ಟೆಯ ಚರ್ಮದಲ್ಲಿ ಅದು ತಡವಾಗಿ ಕಾಣುತ್ತದೆ, ಟ್ಯೂಬ್‌ಲೈಟಿನಲ್ಲಂತೂ ಕಾಣುವುದೇ ಕಷ್ಟ. ಅದಕ್ಕೆ ಪ್ರತಿ ಸಲ ಒಂದೇ ಬೆಳಕಲ್ಲಿ, ಹೊಟ್ಟೆಯ ಗಾಯದ ಮೇಲಿನ ಚರ್ಮದ ಜೊತೆ ಹೋಲಿಸಿ ನೋಡಬೇಕು. ಬಣ್ಣಕ್ಕಿಂತ ಸೆಕೆಂಡುಗಳನ್ನು ನಂಬಬೇಕು.

ಆ ರಾತ್ರಿಯ ಹಾಳೆಯಲ್ಲಿ ಹೀಗಿತ್ತು. 12ಕ್ಕೆ ಮೂರು ಸೆಕೆಂಡು. 1ಕ್ಕೆ ಎರಡು. ಡಾಪ್ಲರ್ ಸದ್ದು ಇದೆ. ಎದೆಯ ಡ್ರೈನ್ 11ರವರೆಗೆ ಗಂಟೆಗೆ 30 ಮಿ.ಲೀ. ಬರುತ್ತಿದ್ದದ್ದು ಆಮೇಲಿನ ಎರಡು ತಾಸಿನಲ್ಲಿ ಏನೂ ಇಲ್ಲ. ಪಾಳಿಯ ನರ್ಸ್ ಮುಂದಿನ ಗಂಟೆಗೆ ಕಾಯದೆ 1:30ಕ್ಕೇ ಮತ್ತೆ ಬಂದರು.

"ಏನಮ್ಮ, ನೋವಾಗ್ತಿದೆಯಾ?"

"ನೋವಿಲ್ಲ ಸಿಸ್ಟರ್. ಬಿಗಿ ಅನಿಸ್ತಿದೆ, ಬ್ಲೌಸ್ ಚಿಕ್ಕದಾದ ಹಾಗೆ."

ಒತ್ತಿ ಬಿಟ್ಟರೆ ಒಂದು ಸೆಕೆಂಡೂ ಆಗುವ ಮುನ್ನ ರಕ್ತ ಮರಳಿತು. ಸೂಜಿಯಿಂದ ಚುಚ್ಚಿದರೆ ತಕ್ಷಣ ಜಿನುಗಿದ್ದು ಕಡುಕಪ್ಪು ರಕ್ತ, ಒರೆಸಿದರೂ ನಿಲ್ಲಲಿಲ್ಲ. ಧಮನಿಯ ಸದ್ದು ಆಗಲೂ ಕೇಳುತ್ತಿತ್ತು. ಇಲ್ಲೇ ಬಹಳ ಕಡೆ ಮೋಸ ಹೋಗುವುದು. ಸಿರೆ ಮುಚ್ಚಿದ ಮೇಲೂ ಧಮನಿ ಸ್ವಲ್ಪ ಹೊತ್ತು ಮಿಡಿಯುತ್ತದೆ. "ಡಾಪ್ಲರ್ ಬರ್ತಿದೆ, ಬೆಳಿಗ್ಗೆ ನೋಡೋಣ" ಎಂದು ಬಿಟ್ಟರೆ ಬೆಳಿಗ್ಗೆ ನೋಡಲು ಏನೂ ಉಳಿದಿರುವುದಿಲ್ಲ. ಡ್ರೈನ್ ಖಾಲಿಯಾದದ್ದೂ ಒಳ್ಳೆಯ ಸುದ್ದಿಯಾಗಿರಲಿಲ್ಲ. ಹೆಪ್ಪು ಕಟ್ಟಿ ನಳಿಕೆ ಮುಚ್ಚಿತ್ತು, ಸೋರಿದ ರಕ್ತ ಒಳಗೇ ನಿಂತು ಸಿರೆಯನ್ನು ಅದುಮುತ್ತಿತ್ತು.

ವೈದ್ಯರು ಹಾಸಿಗೆಯ ಪಕ್ಕದಲ್ಲೇ ನಾಲ್ಕು ಹೊಲಿಗೆ ಬಿಚ್ಚಿ ಒತ್ತಡ ಇಳಿಸಿದರು. 2:40ಕ್ಕೆ ರೋಗಿ ಓಟಿಯಲ್ಲಿ. ಒಳಗೆ ಸುಮಾರು 150 ಮಿ.ಲೀ. ಹೆಪ್ಪು, ಎದೆಯ ಧಮನಿಯ ಒಂದು ಪುಟ್ಟ ಕವಲಿನ ಕ್ಲಿಪ್ ಜಾರಿತ್ತು. ಕಪ್ಲರಿನಲ್ಲಿ ಅರ್ಧ ಸೆಂ.ಮೀ. ಉದ್ದದ ಹೆಪ್ಪು. ಆ ತುಂಡು ಕತ್ತರಿಸಿ, ಹೆಪ್ಪು ತಡೆಯುವ ಹೆಪಾರಿನ್ ಬೆರೆತ ಸಲೈನಿನಿಂದ ತೊಳೆದು, ಹೊಸ ಕಪ್ಲರ್ ಹಾಕಿದರು. ಅಷ್ಟಾದರೂ ಫ್ಲಾಪಿನ ಹೊರ ಅಂಚು ನೀಲಿಯಾಗಿಯೇ ಇತ್ತು. ಜೋಪಾನ ಮಾಡಿದ್ದ ಮೇಲ್ಪದರದ ಸಿರೆಯ ಕ್ಲಿಪ್ ತೆಗೆದಾಗ ಅದು ಉಬ್ಬಿ ನಿಂತಿತ್ತು, ಒತ್ತಡದಿಂದ ರಕ್ತ ಚಿಮ್ಮಿತು. ಅದನ್ನು ಮ್ಯಾಮರಿ ಸಿರೆಯ ಕೆಳತುದಿಗೆ ಜೋಡಿಸಿದರು. ಆ ಸಿರೆಯಲ್ಲಿ ಕವಾಟಗಳು ವಿರಳ, ರಕ್ತ ಕೆಳಮುಖವಾಗಿಯೂ ಹರಿದು ಹೋಗುತ್ತದೆ. ಹತ್ತು ನಿಮಿಷದಲ್ಲಿ ಅಂಚಿನ ಬಣ್ಣ ತಿಳಿಯಾಯಿತು.

ನುರಿತ ಕೇಂದ್ರಗಳಲ್ಲೂ ನೂರರಲ್ಲಿ ಒಂದರಿಂದ ಮೂರು ಫ್ಲಾಪ್ ಪೂರ್ತಿ ಹಾಳಾಗುತ್ತದೆ. ಮತ್ತೆ ಓಟಿಗೆ ಹೋಗಬೇಕಾದವರು ಅದಕ್ಕಿಂತ ಹೆಚ್ಚು. ಎಷ್ಟು ಬೇಗ ಹೋದರು ಎನ್ನುವುದೇ ಉಳಿವನ್ನು ನಿರ್ಧರಿಸುತ್ತದೆ. ಪುನರ್ನಿರ್ಮಾಣಕ್ಕೆ ಆಸ್ಪತ್ರೆ ಆರಿಸುವವರು ಸರ್ಜನ್ ಹೆಸರಿನಷ್ಟೇ ಮುಖ್ಯವಾಗಿ ಕೇಳಬೇಕಾದದ್ದು ಇದು: ರಾತ್ರಿ ಎರಡು ಗಂಟೆಗೆ ಫ್ಲಾಪ್ ನೋಡಲು ತರಬೇತಾದ ನರ್ಸ್ ಇದ್ದಾರೆಯೇ, ಒಂದು ಗಂಟೆಯೊಳಗೆ ಓಟಿ ತೆರೆಯುತ್ತದೆಯೇ?

ಮನೆಗೆ ಹೋದ ಮೇಲೆ

ಮೊದಲ ದಿನದಿಂದ ರಕ್ತ ಹೆಪ್ಪುಗಟ್ಟದಂತೆ ಎನೊಕ್ಸಾಪರಿನ್ 40 ಮಿ.ಗ್ರಾಂ. ಚುಚ್ಚುಮದ್ದು, ಕಾಲಿಗೆ ಒತ್ತಡದ ಪಂಪು. ಎರಡನೆಯ ದಿನ ಬೆನ್ನು ಬಾಗಿಸಿಕೊಂಡೇ ನಡಿಗೆ, ನೆಟ್ಟಗೆ ನಿಲ್ಲಲು ಎರಡು ವಾರ. ದಿನಕ್ಕೆ 30 ಮಿ.ಲೀ.ಗಿಂತ ಕಡಿಮೆಯಾದ ಮೇಲೆ ಒಂದೊಂದೇ ಡ್ರೈನ್ ತೆಗೆದರು. ಎಂಟನೆಯ ದಿನ ಮನೆಗೆ.

ಅಚ್ಚಾದ ಸೂಚನೆಯ ಹಾಳೆಗಳು ನಮ್ಮ ಮನೆಗಳನ್ನು ನೋಡಿ ಬರೆದವಲ್ಲ. "5 ಕೆ.ಜಿ.ಗಿಂತ ಭಾರ ಎತ್ತಬೇಡಿ" ಎಂದರೆ ಯಾರಿಗೂ ಅಂದಾಜು ಸಿಗದು. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್, ಒದ್ದೆ ಬಟ್ಟೆಯ ಬಕೆಟ್, ಗ್ರೈಂಡರಿನ ಕಲ್ಲು, ಎರಡು ವರ್ಷದ ಮೊಮ್ಮಗು — ಇವು ಯಾವುವನ್ನೂ ಆರು ವಾರ ಎತ್ತುವಂತಿಲ್ಲ ಎಂದರೆ ತಿಳಿಯುತ್ತದೆ. ಕುಕ್ಕರಗಾಲಲ್ಲಿ ಕೂರುವ ಕಕ್ಕಸಾದರೆ ಮೇಲಿಡುವ ಪ್ಲಾಸ್ಟಿಕ್ ಕುರ್ಚಿ ಮೊದಲೇ ತಂದಿಟ್ಟಿರಬೇಕು. ಲಂಗದ ಲಾಡಿ ಸರಿಯಾಗಿ ಹೊಟ್ಟೆಯ ಗಾಯದ ಆಸುಪಾಸಿನಲ್ಲೇ ಬಿಗಿಯುತ್ತದೆ, ಅಲ್ಲಿಗೆ ರಕ್ತ ಮೊದಲೇ ಕಡಿಮೆ. ಇವರಿಗೂ ಮೂರನೆಯ ವಾರ ಸೀರೆ ಉಟ್ಟು ಮದುವೆಗೆ ಹೋದ ಮೇಲೆ ನಡುಭಾಗದಲ್ಲಿ 2 ಸೆಂ.ಮೀ. ಗಾಯ ಬಿಟ್ಟುಕೊಂಡಿತು. ಡ್ರೆಸ್ಸಿಂಗಿನಲ್ಲೇ ಮಾಗಿತು, ಐದು ವಾರ ಹಿಡಿಯಿತು. ಆರು ವಾರ ನೈಟಿ, ಅದರ ಮೇಲೆ ಹೊಟ್ಟೆಯ ಪಟ್ಟಿ, ತಂತಿಯಿಲ್ಲದ ಬ್ರಾ.

ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಎಚ್ಚರಿಕೆ ಬಿಸಿಯದು. ಹೊಸ ಸ್ತನಕ್ಕೆ ಸ್ಪರ್ಶಜ್ಞಾನವಿಲ್ಲ. ಕೆಲವರಿಗೆ ವರ್ಷಗಳಲ್ಲಿ ಅಲ್ಪಸ್ವಲ್ಪ ಮರಳುತ್ತದೆ. ಬಾಣಂತನದ ರೂಢಿಯಂತೆ ಕಾವು ಕೊಡುವುದು, ಬಿಸಿನೀರಿನ ಬ್ಯಾಗ್ ಇಡುವುದು, ಹಂಡೆಯ ಕುದಿನೀರು ಸುರಿದುಕೊಳ್ಳುವುದು ಮಾಡಿದರೆ ಸುಟ್ಟದ್ದೇ ಗೊತ್ತಾಗುವುದಿಲ್ಲ. ಒಲೆಯ ಮೇಲೆ ಬಾಗುವಾಗಲೂ ಅಷ್ಟೇ ಜಾಗ್ರತೆ.

ವಿಮೆಯ ಕಡತ

ಇವರ ಕ್ಲೇಮಿಗೆ "ಕಾಸ್ಮೆಟಿಕ್ ಸರ್ಜರಿ" ಎಂಬ ಆಕ್ಷೇಪ ಬಂತು. ಆರೋಗ್ಯ ವಿಮೆಗೆ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನಿಗದಿ ಮಾಡಿರುವ ಹೊರಗಿಡುವಿಕೆಗಳ ಪಟ್ಟಿಯಲ್ಲಿ 8ನೆಯ ಸಂಕೇತ ಕಾಸ್ಮೆಟಿಕ್ ಮತ್ತು ಪ್ಲಾಸ್ಟಿಕ್ ಸರ್ಜರಿಯದು. ಆದರೆ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಪುನರ್ನಿರ್ಮಾಣ ಅದಕ್ಕೆ ಹೊರತು ಎಂದು ಅದೇ ವಾಕ್ಯದಲ್ಲಿದೆ. ಮೊದಲ ಬಯಾಪ್ಸಿ ವರದಿ, ಮ್ಯಾಸ್ಟೆಕ್ಟಮಿಯ (ಸ್ತನ ತೆಗೆದ ಶಸ್ತ್ರಚಿಕಿತ್ಸೆಯ) ಡಿಸ್ಚಾರ್ಜ್ ಸಮ್ಮರಿ, ರೇಡಿಯೇಶನ್ ಮುಗಿದ ಪತ್ರ, "ಕ್ಯಾನ್ಸರಿಗಾಗಿ ಸ್ತನ ತೆಗೆದ ನಂತರದ ಪುನರ್ನಿರ್ಮಾಣ" ಎಂದು ಸರ್ಜನ್ ಸ್ಪಷ್ಟವಾಗಿ ಬರೆದ ಚೀಟಿ — ಈ ನಾಲ್ಕನ್ನು ಸೇರಿಸಿ ಮತ್ತೆ ಕಳಿಸಿದ ಮೇಲೆ ಮಂಜೂರಾಯಿತು. ದಾಖಲಾಗುವ ಮೊದಲೇ ಕೊಟ್ಟಿದ್ದರೆ ಆ ಅಲೆದಾಟವೇ ಇರುತ್ತಿರಲಿಲ್ಲ.

ಎರಡನೆಯ ಹಂತ

ಐದನೆಯ ತಿಂಗಳಲ್ಲಿ ಮೇಲಿನ ಹೊರಮೂಲೆಯಲ್ಲಿ ಅಡಿಕೆ ಗಾತ್ರದ ಗಟ್ಟಿ ಗಂಟು ಸಿಕ್ಕಿತು. ರಕ್ತ ಸಾಲದೆ ಸತ್ತ ಕೊಬ್ಬು ಇರಬಹುದೆಂಬ ಊಹೆ ಬಲವಾಗಿತ್ತು, ಅಂಚು ನೀಲಿಗಟ್ಟಿದ್ದು ಅಲ್ಲೇ. ಊಹೆಯ ಮೇಲೆ ಬಿಡದೆ ಅಲ್ಟ್ರಾಸೌಂಡ್ ಮಾಡಿ, ಸೂಜಿಯಿಂದ ಬಯಾಪ್ಸಿ ತೆಗೆದರು. ಕ್ಯಾನ್ಸರ್ ಇರಲಿಲ್ಲ, ಸತ್ತ ಕೊಬ್ಬೇ ಆಗಿತ್ತು. ಕ್ಯಾನ್ಸರ್ ಬಂದುಹೋದ ಎದೆಯಲ್ಲಿ ಯಾವ ಹೊಸ ಗಂಟನ್ನೂ ಕೈಯಲ್ಲಿ ಮುಟ್ಟಿ ಮಾತ್ರ ತೀರ್ಮಾನಿಸಬಾರದು.

ಏಳನೆಯ ತಿಂಗಳಲ್ಲಿ ಚಿಕ್ಕ ಶಸ್ತ್ರಚಿಕಿತ್ಸೆ. ಬಲಸ್ತನವನ್ನು ಸ್ವಲ್ಪ ಎತ್ತಿ ಸಮ ಮಾಡಿದರು. ಎಡಭಾಗದ ಮೇಲಿನ ತಗ್ಗಿಗೆ ತೊಡೆಯಿಂದ ತೆಗೆದ 90 ಮಿ.ಲೀ. ಕೊಬ್ಬು ತುಂಬಿದರು, ಅದರಲ್ಲೊಂದು ಪಾಲು ಕರಗುತ್ತದೆಂದು ಮೊದಲೇ ತಿಳಿಸಿದ್ದರು. ಫ್ಲಾಪಿನ ಚರ್ಮವನ್ನೇ ಮಡಚಿ ತೊಟ್ಟು ಮಾಡಿದರು. ತೊಟ್ಟು ತಿಂಗಳುಗಳಲ್ಲಿ ಅರ್ಧದಷ್ಟು ಕುಗ್ಗುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಹೆಚ್ಚು ಎತ್ತರಕ್ಕೆ ಕಟ್ಟುತ್ತಾರೆ. ಮೊದಲ ವಾರ ನೋಡಿ ಅವರು ಗಾಬರಿಯಾದರು, ಮೂರನೆಯ ತಿಂಗಳಿಗೆ ಬಲಕ್ಕೆ ಹೊಂದಿತು. ಆಮೇಲೆ ಸುತ್ತಲಿನ ಕಪ್ಪು ವೃತ್ತಕ್ಕೆ ಹಚ್ಚೆ.

ಟ್ಯಾಮೊಕ್ಸಿಫೆನ್ ಮೂರನೆಯ ವಾರದಿಂದಲೇ ಮತ್ತೆ ಶುರುವಾಗಿತ್ತು. ಎಡಗೈಯಲ್ಲಿ ಸಣ್ಣ ಊತವಿದೆ, ಹೊಲಿಯುವಾಗ ಕೈಗೆ ಒತ್ತಿ ಹಿಡಿಯುವ ಬಿಗಿ ತೋಳುಚೀಲ ಹಾಕಿಕೊಳ್ಳುತ್ತಾರೆ. ಬಲಸ್ತನಕ್ಕೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್, ಎಡಕ್ಕೆ ಪ್ರತಿ ಭೇಟಿಯಲ್ಲೂ ಕೈಪರೀಕ್ಷೆ. ಹಳೆಯ ಬ್ಲೌಸುಗಳ ಎಡಭಾಗಕ್ಕೆ ಒಳಗಿಂದ ಹಾಕಿದ್ದ ಪ್ಯಾಡಿನ ಜೇಬುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದೇನೆ ಎಂದು ಕೊನೆಯ ಭೇಟಿಯಲ್ಲಿ ಹೇಳಿದರು.